ನಾಲ್ಕನೇ ತೊಟ್ಟಿಯ ಚುಕ್ಕೆಗಳು

“ಉಸಿರು ಹಿಡ್ಕೊಳ್ಳಿ ಸರ್. ಗಾಜಿನ ಮೇಲೆ ಹಬೆ ಕೂರುತ್ತೆ.”

ಹಿಡಿದುಕೊಂಡೆ. ಮೈಕ್ರೋಸ್ಕೋಪಿನ ಕೆಳಗೆ ಎರಡು ಹನಿ ರಕ್ತವಿತ್ತು, ಎರಡೂ ಬಸವನಹುಳುವಿನದು. ಈ ಜಾತಿಯ ಬಸವನಹುಳುವಿನ ರಕ್ತ ನಮ್ಮದರ ಹಾಗೆ ಕೆಂಪಗಿರುತ್ತದೆ ಎಂಬುದೇ ಈ ಕೇಸು ಕೈಗೆತ್ತಿಕೊಳ್ಳುವವರೆಗೆ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಳುವಾದ ಸ್ಕೂಟರುಗಳನ್ನೂ ನಾಪತ್ತೆಯಾದ ಗಂಡಂದಿರನ್ನೂ ಹುಡುಕಿ ಹೊಟ್ಟೆ ಹೊರೆದವನು ನಾನು. ನೀರಿನ ಹುಳುವಿನ ಸಹವಾಸ ಇದೇ ಮೊದಲು.

“ಎಡಗಡೆದು ಹನ್ನೊಂದನೇ ತೊಟ್ಟಿ ರಕ್ತ. ಬಲಗಡೆದು ನಾಲ್ಕನೇ ತೊಟ್ಟಿದು. ಎರಡರೊಳಗೂ ಬೆಳಿಗ್ಗೆ ಒಂದೊಂದು ಚಪ್ಪಟೆಹುಳುವಿನ ಮರಿ ಬಿಟ್ಟಿದೀನಿ. ಏನು ಕಾಣುತ್ತೆ ಹೇಳಿ” ಎಂದಳು ಸಂಶೋಧಕಿ.

ಎಡಗಡೆ ಮರಿಯೇ ಕಾಣುತ್ತಿರಲಿಲ್ಲ. ರಕ್ತದ ಕಣಗಳು ಮೈಮೇಲೆ ಬಿದ್ದು, ಒಂದರ ಮೇಲೊಂದು ಹತ್ತಿ, ಅದನ್ನು ಸುತ್ತುಗಟ್ಟಿದ್ದವು. ಒಳಗೆ ಇದ್ದದ್ದು ಮಿಸುಕುತ್ತಿರಲಿಲ್ಲ. ಬಲಗಡೆ ಮರಿ ಆರಾಮಾಗಿ ಮೈ ಚಾಚಿ ಮಲಗಿತ್ತು. ಕಣಗಳು ಅಲ್ಲಲ್ಲಿ ಚದುರಿದ್ದವು. ಒಂದು ಹತ್ತಿರ ಬಂದು ಮುಟ್ಟಿತು, ಬಿಟ್ಟು ಹೋಯಿತು.

“ಎಡಗಡೆಯವರು ಕಳ್ಳನ್ನ ಹಿಡಿದು ಕೂಡಿಹಾಕಿದಾರೆ. ಬಲಗಡೆಯವರು ಬನ್ನಿ, ಕೂತ್ಕೊಳ್ಳಿ ಅಂತಿದಾರೆ.”

ಅವಳು ನಕ್ಕಳು. ಹೋದ ವಾರದವರೆಗೂ ನನ್ನ ಅನುಮಾನದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಹುಡುಗಿ. ಈಗ ಮೂರು ದಿನದಿಂದ ನನ್ನ ಪರವಾಗಿ ಹುಳು ಕೊಯ್ಯುತ್ತಿದ್ದಾಳೆ. ಮನುಷ್ಯನ ಲೆಕ್ಕಾಚಾರ ಎಷ್ಟು ಬೇಗ ತಲೆಕೆಳಗಾಗುತ್ತದೆ!

ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ನಾಲ್ಕಕ್ಕೆ ಸಮಿತಿ ಕೂರುತ್ತದೆ. ನಮ್ಮ ಅತ್ತೆಯ ಹಣೆಬರಹ ಅಲ್ಲಿ ತೀರ್ಮಾನವಾಗುತ್ತದೆ.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಈ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕಪ್ಪು ಬಸವನಹುಳುಗಳನ್ನು ಸಾಕುತ್ತಿದ್ದಾರೆ. ಕೆರೆಗೆ ಇಳಿದ ಮಕ್ಕಳ ಚರ್ಮ ತೂರಿ ಒಳಗೆ ಸೇರುವ ಚಪ್ಪಟೆಹುಳು ಮೊದಲು ಬೆಳೆಯುವುದೇ ಬಸವನಹುಳುವಿನ ಹೊಟ್ಟೆಯಲ್ಲಿ. ಅತ್ತೆ ಸಾಕಿದ ತಳಿಯಲ್ಲಿ ಮಾತ್ರ ಅದು ಬದುಕುವುದಿಲ್ಲ, ರಕ್ತದ ಕಣಗಳೇ ಕೊಂದುಹಾಕುತ್ತವೆ. ತಿಂಗಳ ಕೊನೆಗೆ ಇವನ್ನು ಕೆರೆಗೆ ಬಿಡಬೇಕಿತ್ತು. ಅಷ್ಟರಲ್ಲಿ, ಬೇಕೆಂದೇ ಚಪ್ಪಟೆಹುಳು ಬಿಟ್ಟು ನೋಡುವ ವರ್ಷದ ಪರೀಕ್ಷೆ ನಡೆಯಿತು. ಹನ್ನೆರಡು ತೊಟ್ಟಿಗಳಲ್ಲಿ ನಾಲ್ಕನೆಯದೂ ಆರನೆಯದೂ ಸೋತವು. ದೀಪದ ಕೆಳಗೆ ಇಟ್ಟ ಗಾಜಿನ ಲೋಟಗಳಲ್ಲಿ ಬಸವನಹುಳುಗಳ ಮೈಯಿಂದ ಚಪ್ಪಟೆಹುಳುವಿನ ಕವಲುಬಾಲದ ಮರಿಗಳು ಬುಳುಬುಳು ಹೊರಬಂದವು.

ಮುದುಕಿ ಹುಳುಗಳನ್ನು ಬದಲಾಯಿಸಿದ್ದಾಳೆ ಎಂದರು ನಿರ್ದೇಶಕರು. ಸತ್ತುಹೋದ ತಳಿಯ ಜಾಗಕ್ಕೆ ಯಾವುದೋ ಕೆರೆಯ ಹುಳು ತಂದು ಹಾಕಿ ಇಷ್ಟು ದಿನ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದಾಳೆ ಎಂದರು. ನಾಲ್ಕನೆಯದು ಹೊರಗಿನ ಹಜಾರದಲ್ಲಿದೆ, ಯಾರು ಬೇಕಾದರೂ ಹೋಗಬಹುದು. ಆರನೆಯದು ಒಳಕೋಣೆಯಲ್ಲಿದೆ. ಅದರ ಬೀಗದ ಕೈ ಇರುವುದು ಅತ್ತೆಯ ಹತ್ತಿರ ಮಾತ್ರ. ಸಮಿತಿ ಹೂಂ ಎಂದರೆ ಇಂದು ಸಂಜೆ ಹನ್ನೆರಡೂ ತೊಟ್ಟಿಗಳಿಗೆ ಕುದಿಯುವ ನೀರು. ಅತ್ತೆಯ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ‘ವಂಚನೆ’ ಎಂಬ ಒಂದು ಪದ.

ಇಷ್ಟಾದರೂ ಅತ್ತೆ ತಮ್ಮ ಪರವಾಗಿ ಒಂದು ಮಾತು ಆಡಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿದ್ದದ್ದು.

“ಬದಲಾಯಿಸಿಲ್ಲ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇದೆ ಅಂದ್ಯಲ್ಲಮ್ಮ?”

“ಇದೆ ಸರ್. ಪರೀಕ್ಷೆ ಸೋತ ದಿನಾನೇ ನಾಲ್ಕನೇ ತೊಟ್ಟಿ ಹುಳುಗಳ ಮೊಟ್ಟೆ ಎತ್ತಿಟ್ಟು ಬೇರೆ ನೀರಲ್ಲಿ ಮರಿ ಮಾಡಿಸಿದೆ. ಆ ಮರಿಗಳಿಗೆ ಮೊನ್ನೆ ಚಪ್ಪಟೆಹುಳು ಬಿಟ್ಟೆ. ಒಂದೇ ದಿನದಲ್ಲಿ ಎಲ್ಲನೂ ಕೊಂದು ಹಾಕಿವೆ. ಅಪ್ಪ ಅಮ್ಮ ಬೇರೆ ಜಾತಿ ಆಗಿದ್ರೆ ಮಕ್ಕಳಿಗೆ ಈ ಶಕ್ತಿ ಎಲ್ಲಿಂದ ಬರಬೇಕು? ಇದು ಅಮ್ಮನ ತಳಿನೇ.”

ಇಲ್ಲಿ ಎಲ್ಲರೂ ಅತ್ತೆಯನ್ನು ಅಮ್ಮ ಎಂದೇ ಕರೆಯುತ್ತಾರೆ.

“ಹಾಗಾದ್ರೆ ದೊಡ್ಡವು ಯಾಕೆ ಸೋತವು?”

ಅವಳು ಇನ್ನೊಂದು ಗಾಜು ಇಟ್ಟಳು. “ನಿನ್ನೆ ಎರಡೂ ತೊಟ್ಟಿಯಿಂದ ನಲವತ್ತು ನಲವತ್ತು ಕೊಯ್ದೆ. ಮನುಷ್ಯರ ಚಪ್ಪಟೆಹುಳು ಬಸವನಹುಳುವಿನೊಳಗೆ ಬರೀ ಒಂದು ಚೀಲ ಸರ್, ಬಾಯಿ ಇರಲ್ಲ. ಇದನ್ನ ನೋಡಿ. ಬಾಯಿ ಇದೆ. ಹೊಟ್ಟೆನೂ ಇದೆ.”

ನೋಡಿದೆ. ಬಾಯಿ ಇತ್ತು. ಅದು ನನ್ನತ್ತ ತೆರೆದು ಮುಚ್ಚಿತು.

“ಇದು ಬಾತುಕೋಳಿಯ ಚಪ್ಪಟೆಹುಳು. ಮೊದಲು ಇದು ಒಳಗೆ ಹೋಗಿದೆ. ಹೋಗಿ ರಕ್ತದ ಕಣಗಳ ಕೈ ಕಟ್ಟಿಹಾಕಿದೆ. ಆಮೇಲೆ ಮನುಷ್ಯರ ಹುಳು ಬಂದಾಗ ಹಿಡಿಯೋರೇ ಇಲ್ಲ.”

“ಬಾತುಕೋಳಿ ಹಿಕ್ಕೆ ಹೇಗೋ ನೀರಿಗೆ ಬಿದ್ದಿರಬಹುದಲ್ಲ?”

“ಬಿದ್ದಿದ್ರೆ ಹತ್ತರಲ್ಲಿ ಎರಡಕ್ಕೋ ಮೂರಕ್ಕೋ ಹತ್ತಬೇಕಿತ್ತು. ನಲವತ್ತರಲ್ಲಿ ನಲವತ್ತಕ್ಕೂ ಇದೆ ಸರ್.” ಅವಳ ದನಿ ತಗ್ಗಿತು. “ಯಾರೋ ಒಂದೊಂದು ಬಸವನಹುಳುನೂ ಬೇರೆ ಬೇರೆ ಲೋಟದಲ್ಲಿಟ್ಟು, ಎಣಿಸಿ ಎಣಿಸಿ ಬಾತುಕೋಳಿ ಹುಳುವಿನ ಮರಿ ಬಿಟ್ಟಿದಾರೆ. ಈ ಕೆಲಸ ಚೆನ್ನಾಗಿ ಗೊತ್ತಿರೋರೇ ಮಾಡಿದ್ದು.”

ಕಿಟಕಿಯತ್ತ ತಿರುಗಿದೆ. ಕೊಯ್ದ ಹುಳುಗಳ ಖಾಲಿ ಚಿಪ್ಪುಗಳನ್ನು ಅಲ್ಲಿ ಕಾಗದದ ಮೇಲೆ ಒಣಗಲು ಹರಡಿದ್ದಳು. ಸುತ್ತಿಟ್ಟ ಚಾಪೆಯಂತೆ ಚಪ್ಪಟೆ ಸುರುಳಿ, ನಡುವೆ ಒಂದು ಸಣ್ಣ ಗುಳಿ. ಬಿಸಿಲು ಓರೆಯಾಗಿ ಬಿದ್ದಿತ್ತು.

ಗುಳಿಯೊಳಗೆ ಏನೋ ಮಿಂಚಿತು.

ಬಣ್ಣ ಬದಲಿಸಿದ ಸ್ಕೂಟರುಗಳನ್ನು ನೋಡಿ ನೋಡಿ, ಹೊಳಪು ಕಂಡಲ್ಲಿ ಉಗುರು ಹಾಕುವುದು ನನಗೆ ಚಟ. ಉಗುರು ಹಾಕಿದೆ. ತೆಳ್ಳನೆಯ ಪೊರೆ ಎದ್ದು ಬಂತು.

“ನೇಲ್ ಪಾಲಿಶ್!” ಎಂದಳು ಸಂಶೋಧಕಿ. “ಬಣ್ಣ ಇಲ್ಲದ್ದು. ನೀರಲ್ಲಿದ್ರೆ ಕಾಣೋದೇ ಇಲ್ಲ.”

“ಯಾಕೆ ಹಾಕ್ತಾರೆ?”

“ಗುರುತಿಗೆ. ಎಲ್ಲಾ ಬಸವನಹುಳುಗೂ ಒಂದೇ ದಿನ ಚಪ್ಪಟೆಹುಳು ಮರಿ ಬಿಡೋಕಾಗಲ್ಲ. ಯಾವುದಕ್ಕೆ ಆಯ್ತು, ಯಾವುದಕ್ಕೆ ಇಲ್ಲ ಅಂತ ತಿಳೀಬೇಕಲ್ಲ. ನಾವೂ ಹಾಕ್ತೀವಿ, ಕೆಂಪೋ ಬಿಳಿಯೋ. ಆದ್ರೆ ಚಿಪ್ಪಿನ ಬಾಯಿ ಅಂಚಿಗೆ ಹಾಕ್ತೀವಿ. ಗುಳಿಯೊಳಗೆ ಯಾರ ಕೈಯೂ ಹೋಗಲ್ಲ.”

“ಯಾರದ್ದೂ?”

ಅವಳು ಚಿಮಟವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಬಲವಂತಕ್ಕೆ ಹೇಳುವವಳ ಹಾಗೆ ಹೇಳಿದಳು. “ಅಮ್ಮಂದು ಒಂದು ಪದ್ಧತಿ ಇದೆ. ಬೆಂಕಿಕಡ್ಡಿ ತುದಿ ಚೂಪು ಮಾಡಿ ಗುಳಿಯೊಳಗೆ ಚುಕ್ಕೆ ಇಡೋದು. ಹುಳುಗಳು ಒಂದರ ಚಿಪ್ಪು ಇನ್ನೊಂದು ಕೆರೀತಿರ್ತವೆ. ಅಂಚಿನ ಚುಕ್ಕೆ ಸವೆದು ಹೋಗುತ್ತೆ, ಗುಳಿ ಒಳಗಿಂದು ಉಳಿಯುತ್ತೆ ಅಂತಾರೆ. ನನಗೂ ಕಲಿಸೋಕೆ ನೋಡಿದ್ರು. ಒಂದು ತಿಂಗಳು ಒದ್ದಾಡಿದೆ, ಬರಲಿಲ್ಲ.”

ನಾಲ್ಕನೇ ತೊಟ್ಟಿಯ ಚಿಪ್ಪುಗಳಲ್ಲಿ ಚುಕ್ಕೆ ಸಾಸಿವೆಯಷ್ಟು ದುಂಡಗೆ ನಡುಗುಳಿಯಲ್ಲೇ ಕೂತಿತ್ತು. ಆರನೆಯದರಲ್ಲೂ ಚುಕ್ಕೆಗಳಿದ್ದವು. ಆದರೆ ಅವು ಗುಳಿಯಿಂದ ಜಾರಿ ಸುರುಳಿಯ ಮೇಲೆ ಹರಿದಿದ್ದವು. ಎರಡನೇ ಸಲಕ್ಕೆ ಕಳ್ಳನಿಗೆ ಅವಸರವಾಗಿರಬೇಕು ಎಂದುಕೊಂಡೆ.

 ಯಾರ ಹೆಸರು ಉಳಿಸಲು ಬಂದಿದ್ದೆನೋ ದಾರಿ ಅವರ ಬಾಗಿಲಿಗೇ ಹೋಗಿ ನಿಂತಿತ್ತು. ಚುಕ್ಕೆಯಿಲ್ಲದ ಎರಡು ಚಿಪ್ಪು, ಒಂದು ಪಾಲಿಶ್ ಶೀಶೆ, ಒಂದು ಬೆಂಕಿಕಡ್ಡಿ ಕೇಳಿ ತೆಗೆದುಕೊಂಡು ಹೊರಟೆ.

ಓಣಿಯ ಕೊನೆಯಲ್ಲಿ ಇಬ್ಬರು ಆಳುಗಳು ದೊಡ್ಡ ಹಂಡೆಗೆ ನೀರು ತುಂಬಿಸಿ ಗ್ಯಾಸ್ ಒಲೆ ಹೊತ್ತಿಸುತ್ತಿದ್ದರು. ಸಮಿತಿ ಇನ್ನೂ ಕೂತಿಲ್ಲ, ಆಗಲೇ ನೀರು ಕಾಯಿಸಲು ಶುರು. ಸಿಟ್ಟು ನೆತ್ತಿಗೇರಿತು. ಅವರ ಮೇಲೆ ಹಾರಿಹಾಯ್ದು ಏನು ಪ್ರಯೋಜನ ಎಂದು ನುಂಗಿಕೊಂಡೆ.

ಅತ್ತೆ ಒಳಕೋಣೆಯಲ್ಲಿದ್ದರು. ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಎಲೆಗಳನ್ನು ಹರಿದು ಒಂದೊಂದೇ ತೊಟ್ಟಿಗೆ ಹಾಕುತ್ತಿದ್ದರು. ತಮಗಿಂತ ಎರಡು ಸೈಜು ದೊಡ್ಡದಾದ ಬಿಳಿ ಕೋಟು, ಜೇಬಿನ ತುಂಬ ಸೀಮೆಸುಣ್ಣ. ಚಿಪ್ಪು ಗಟ್ಟಿಯಾಗಲು ಅದನ್ನೂ ನೀರಿಗೆ ಹಾಕಬೇಕಂತೆ. ಇನ್ನೆರಡು ಗಂಟೆಯಲ್ಲಿ ಬೇಯಲಿರುವ ಹುಳುಗಳಿಗೆ ಅವರು ಊಟ ಬಡಿಸುತ್ತಿದ್ದರು.

“ಬಂದ್ರಾ ಅಳಿಯಂದ್ರೆ? ಊಟ ಆಯ್ತಾ?”

“ಆಯ್ತು ಅತ್ತೆ.”

“ಸುಳ್ಳು. ಮುಖ ನೋಡಿದ್ರೆ ಗೊತ್ತಾಗುತ್ತೆ. ಕೂತ್ಕೊಳ್ಳಿ ಮೊದ್ಲು. ನೀವು ನಿಂತಿದ್ರೆ ನಾನು ಹೇಗೆ ಕೂರಲಿ?”

ಹದಿನೆಂಟು ವರ್ಷದಿಂದ ಇದೇ ಗೋಳು. ನಾನು ಕೂರದೆ ಅವರು ಕೂರುವುದಿಲ್ಲ. ಕೂತೆ. ಅವರೂ ಎದುರಿನ ಸ್ಟೂಲಿನ ಮೇಲೆ ಕೂತು ಕೋಟಿಗೆ ಕೈ ಒರೆಸಿಕೊಂಡರು.

“ಅತ್ತೆ, ನಾಲ್ಕನೇ ತೊಟ್ಟಿಗೆ ಕೈ ಹಾಕಿದ್ದು ಯಾರು?”

“ನಾನೇ.”

ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಬೇಗ ಯಾರೂ ತಪ್ಪು ಒಪ್ಪಿಕೊಂಡಿರಲಿಲ್ಲ.

“ಏನು ಮಾಡಿದ್ರಿ?”

“ಬಾತುಕೋಳಿ ಹುಳು ಬಿಟ್ಟೆ.”

ಬಾತುಕೋಳಿಯ ವಿಷಯ ಗೊತ್ತಿದ್ದದ್ದು ನನಗೂ ಆ ಹುಡುಗಿಗೂ ಮಾತ್ರ. ನಾನಂತೂ ಅತ್ತೆಗೆ ಬಾಯಿ ಬಿಟ್ಟಿರಲಿಲ್ಲ. ಎಂದರೆ ಅತ್ತೆಗೆ ಎಲ್ಲ ಗೊತ್ತು.

“ಯಾಕೆ ಬಿಟ್ರಿ?”

“ಯಾಕೆ ಅಂದ್ರೆ... ಬೇಜಾರಾಗಿತ್ತು. ಮೂವತ್ತೊಂದು ವರ್ಷ ಆಯ್ತಲ್ಲ.” ಅವರು ತೊಟ್ಟಿಯ ಕಡೆ ನೋಡುತ್ತ ಹೇಳಿದರು. ಅಲ್ಲಿ ಒಂದು ಹುಳು ಗಾಜಿನ ಮೇಲೆ ಹತ್ತುತ್ತಿತ್ತು. ಮಾತಿನ ನಡುವೆಯೇ ಕೈ ಚಾಚಿ ಅದನ್ನು ಮೆಲ್ಲಗೆ ಬಿಡಿಸಿ ನೀರಿಗೆ ಬಿಟ್ಟರು. ಬೇಜಾರಾದವರು ಹಾಗೆ ಬಿಡುವುದಿಲ್ಲ.

ನಾನು ಜೇಬಿನಿಂದ ಚಿಪ್ಪು, ಶೀಶೆ, ಬೆಂಕಿಕಡ್ಡಿ ತೆಗೆದು ಮೇಜಿನ ಮೇಲಿಟ್ಟೆ.

“ಒಂದು ಚುಕ್ಕೆ ಇಟ್ಟು ತೋರಿಸಿ ಅತ್ತೆ.”

ಅವರು ಒಮ್ಮೆ ನನ್ನನ್ನು, ಒಮ್ಮೆ ಶೀಶೆಯನ್ನು ನೋಡಿದರು. “ಈಗ್ಯಾಕೆ ಅದೆಲ್ಲ?”

“ಸುಮ್ನೆ. ನನ್ನ ಸಮಾಧಾನಕ್ಕೆ.”

ಕಡ್ಡಿಯ ತುದಿಯನ್ನು ಉಗುರಿನಿಂದ ಚೂಪು ಮಾಡಿದರು. ಅದ್ದಿದರು. ಎಡಗೈಯಲ್ಲಿ ಚಿಪ್ಪು ಹಿಡಿದು ಕಣ್ಣಿನ ಹತ್ತಿರ ತಂದರು. ಬಲಗೈ ಚಿಪ್ಪಿನ ಸಮೀಪ ಹೋದದ್ದೇ ತಡ, ನಡುಗಲು ಶುರುವಾಯಿತು. ಚುಕ್ಕೆ ಗುಳಿಗೆ ಬೀಳದೆ ಸುರುಳಿಯ ಮೇಲೆ ಹರಿಯಿತು. ಇನ್ನೊಂದು ಚಿಪ್ಪು ತೆಗೆದುಕೊಂಡರು. ಈ ಸಲ ಕಡ್ಡಿಯೇ ಕೈಯಿಂದ ಬಿತ್ತು.

“ಥಂಡಿ ಇದೆಯಲ್ಲ ಕೋಣೆ, ಅದಕ್ಕೆ” ಎಂದರು.

ಕೋಣೆಯಲ್ಲಿ ಹನ್ನೆರಡು ದೀಪಗಳು ಉರಿಯುತ್ತಿದ್ದವು. ಸೆಕೆಗೆ ನನ್ನ ಅಂಗಿ ಬೆನ್ನಿಗಂಟಿತ್ತು. ವಯಸ್ಸಾದ ಹೆಣ್ಣುಮಗಳ ಕೈ ನಡುಗುವುದನ್ನು ಪರೀಕ್ಷೆ ಮಾಡಿ ನೋಡುವ ಕೆಲಸ ನನ್ನದಾಯಿತಲ್ಲ ಎಂದು ನನ್ನ ವೃತ್ತಿಯ ಮೇಲೇ ಹೇಸಿಗೆಯಾಯಿತು. ಆದರೂ ಕೇಳದೆ ವಿಧಿಯಿರಲಿಲ್ಲ.

“ನಾಲ್ಕನೇ ತೊಟ್ಟಿಗೆ ಚುಕ್ಕೆ ಇಟ್ಟ ಕೈ ಇದಲ್ಲ ಅತ್ತೆ. ಅದು ದುಂಡಗಿದೆ, ನಡೂಮಧ್ಯ ಇದೆ. ಇದನ್ನ ಇನ್ಯಾರಿಗೆ ಕಲಿಸಿದ್ರಿ?”

“ಯಾರಿಗೂ ಇಲ್ಲ.”

“ಅತ್ತೆ.”

“ಯಾರಿಗೂ ಇಲ್ಲ ಅಂದ್ನಲ್ಲ!” ಅಳಿಯನ ಮುಂದೆ ದನಿ ಏರಿಸಿದ್ದು ಅವರಿಗೇ ಗಾಬರಿಯಾಗಿ ಬಾಯಿಗೆ ಸೆರಗು ಒತ್ತಿಕೊಂಡರು. ತಗ್ಗಿದ ದನಿಯಲ್ಲಿ ಹೇಳಿದರು. “ಶಾಲೆಗೆ ರಜಾ ಬಂದ್ರೆ ಮನೇಲಿ ನೋಡ್ಕೊಳ್ಳೋಕೆ ಯಾರೂ ಇರ್ತಿರಲಿಲ್ಲ. ಇಲ್ಲಿಗೇ ಕರ್ಕೊಂಡು ಬರ್ತಿದ್ದೆ. ಸುಮ್ನೆ ಕೂತು ಬೇಜಾರು ಮಾಡ್ಕೋತಾಳೆ ಅಂತ ಕೈಗೆ ಕಡ್ಡಿ ಕೊಟ್ಟೆ. ಹತ್ತು ವರ್ಷದ ಮಗು. ಮೂರೇ ದಿನಕ್ಕೆ ನನಗಿಂತ ಚೆನ್ನಾಗಿ ಇಟ್ಳು.”

ಪಾಲಿಶ್ ಶೀಶೆಯ ಮುಚ್ಚಳ ತಿರುಗಿಸಿ ಹಾಕಿದೆ.

ನನ್ನ ಹೆಂಡತಿ. ಪಕ್ಷಿಗಳ ಆಸ್ಪತ್ರೆಯಲ್ಲಿ ವೈದ್ಯೆ. ಬಾತುಕೋಳಿಯ ಹಿಕ್ಕೆಯಿಂದ ಹುಳುವಿನ ಮೊಟ್ಟೆ ಸೋಸಿ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಪ್ರತಿ ಭಾನುವಾರ ಅಮ್ಮನಿಗೆ ಬುತ್ತಿ ಹಿಡಿದುಕೊಂಡು ಇಲ್ಲಿಗೆ ಬರುತ್ತಾಳೆ. ಪಟ್ಟಿಯಲ್ಲಿ ನಿರ್ದೇಶಕರನ್ನು ಬರೆದೆ, ಸಂಶೋಧಕಿಯನ್ನು ಬರೆದೆ, ಕಾವಲುಗಾರನನ್ನೂ ಬಿಡಲಿಲ್ಲ. ಪಕ್ಕದ ದಿಂಬಿನ ಮೇಲೆ ತಲೆಯಿಟ್ಟು ಮಲಗುವವಳನ್ನು ಬರೆಯಬೇಕೆಂದು ಹೊಳೆಯಲೇ ಇಲ್ಲ. ನಮ್ಮವರು ಎಂದುಕೊಂಡ ಮೇಲೆ ರಕ್ತದ ಕಣಕ್ಕೂ ಕಣ್ಣು ಕಾಣುವುದಿಲ್ಲ.

“ಯಾಕೆ ಅತ್ತೆ? ಅವಳು ಯಾಕೆ ಹೀಗೆ ಮಾಡಬೇಕು?”

“ಅದನ್ನ ನಾನು ಹೇಳ್ತೀನಿ.”

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಓಡಿ ಬಂದಿದ್ದಳು, ತೋಳಿಗೆ ಒಂದು ಬಿಳಿ ಗರಿ ಅಂಟಿಕೊಂಡಿತ್ತು. ಅತ್ತು ಅತ್ತು ಕಣ್ಣು ಊದಿತ್ತು.

“ನೀನು ಹೋಗು ಇಲ್ಲಿಂದ” ಎಂದರು ಅತ್ತೆ. “ನಾನೂ ಅಳಿಯಂದ್ರೂ ಮಾತಾಡ್ತಿದೀವಿ.”

“ಸಾಕಮ್ಮ. ಎಷ್ಟು ಅಂತ ಮುಚ್ಚಿಡ್ತೀಯಾ?” ಅವಳು ನನ್ನತ್ತ ತಿರುಗಿದಳು. “ರೀ, ಅಮ್ಮನ ಹೊಟ್ಟೆಯಲ್ಲೂ ಇದೆ ಈ ಹುಳು. ಮನುಷ್ಯರದ್ದು. ಎರಡು ಸಲ ಮಾತ್ರೆ ಕೊಡಿಸಿದೆ. ಹೋಯ್ತು, ಮತ್ತೆ ಬಂತು. ಪರೀಕ್ಷೆಗೆ ಅಂತ ಚಪ್ಪಟೆಹುಳು ಬಿಟ್ಟ ನೀರಿಗೆ ಬರಿಗೈ ಹಾಕ್ತಾಳೆ, ಗ್ಲೌಸ್ ಹಾಕ್ಕೋ ಅಂದ್ರೆ ಬಸವನಹುಳು ಮರಿ ಕೈಗೆ ತಿಳಿಯಲ್ಲ ಅಂತಾಳೆ. ಲಿವರ್ ಗಟ್ಟಿಯಾಗಿದೆ. ಇನ್ನೊಂದು ಸಲ ಬಂದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಕೆಲಸ ಬಿಡು ಅಂತ ಕಾಲು ಹಿಡಿದೆ. ಬಸವನಹುಳು ಕೆರೆ ಸೇರೋವರೆಗೂ ಬಿಡಲ್ಲ ಅಂದ್ಳು. ಕೆರೆ ಆದ್ಮೇಲೆ ಇನ್ನೊಂದು ಕೆರೆ ಇರುತ್ತಲ್ಲ ಇವಳಿಗೆ!”

“ನನಗೆ ಯಾಕೆ ಹೇಳಲಿಲ್ಲ?”

“ಆಣೆ ಹಾಕಿಸ್ಕೊಂಡಿದ್ಲು. ಅಳಿಯಂದ್ರ ಮುಂದೆ ಕಾಯಿಲೆಯವಳು ಅನ್ನಿಸ್ಕೊಳ್ಳಲ್ಲ ಅಂತ.”

ಹದಿನೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡು, ನನಗೆ ಮಾತ್ರ ಗೊತ್ತಿರಲಿಲ್ಲ. ಕೇಸು ಮರೆತೇಹೋಯಿತು. 

“ಒಂದು ತೊಟ್ಟಿ ಸೋತ್ರೆ ಸಾಕು ಅಂದ್ಕೊಂಡೆ” ಎಂದಳು ಅವಳು. “ತಳಿ ಸೋತಿತು ಅಂತ ಯೋಜನೆ ಮುಚ್ತಾರೆ, ಹಾರ ಹಾಕಿ ಮನೆಗೆ ಕಳಿಸ್ತಾರೆ ಅಂತ. ಇವಳನ್ನ ಕಳ್ಳಿ ಅಂತಾರೆ ಅಂತ ಕನಸಲ್ಲೂ ಅನ್ಕೊಂಡಿರಲಿಲ್ಲ.”

“ಹಾಗಿದ್ರೆ ಈ ಕೇಸು ಹಿಡೀರಿ ಅಂತ ನನ್ನ ಬೆನ್ನು ಬಿದ್ದಿದ್ದು ನೀನೇ ಅಲ್ವೇನೇ?”

“ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೀವು ಹಿಡಿದೇ ಹಿಡೀತೀರಿ ಅಂತ ಗೊತ್ತಿತ್ತು.”

ಗಂಡನ ಮೇಲೆ ಇಂಥ ನಂಬಿಕೆ ಇಟ್ಟವಳನ್ನು ಬೈಯುವುದೋ, ಅಪ್ಪಿಕೊಳ್ಳುವುದೋ ತಿಳಿಯಲಿಲ್ಲ. ಅಭ್ಯಾಸ ಬಲ, ಪತ್ತೇದಾರನ ಪ್ರಶ್ನೆಯನ್ನೇ ಕೇಳಿದೆ.

“ಸರಿ. ನಾಲ್ಕನೇದು ಹಜಾರದಲ್ಲಿದೆ. ಆರನೇದಕ್ಕೆ ಈ ಕೋಣೆ ಬೀಗ ಹೇಗೆ ತೆಗೆದೆ?”

ಅವಳು ನನ್ನನ್ನೇ ನೋಡಿದಳು.

“ಆರನೇದಾ? ಆರನೇದು ನಾನು ಮುಟ್ಟಿಲ್ಲರೀ. ಪರೀಕ್ಷೆಯಲ್ಲಿ ಅದೂ ಹೋಯ್ತು ಅಂತ ಕೇಳಿದಾಗಿಂದ ನನಗೂ ತಲೆ ಕೆಟ್ಟಿದೆ.”

ಮೇಜಿನ ಮೇಲೆ ಅತ್ತೆ ಈಗ ತಾನೇ ಚುಕ್ಕೆ ಇಟ್ಟ ಚಿಪ್ಪು ಇತ್ತು. ಪಾಲಿಶ್ ಗುಳಿಯಿಂದ ಜಾರಿ ಸುರುಳಿಯ ಮೇಲೆ ಹರಿದು ಒಣಗುತ್ತಿತ್ತು. ಆರನೇ ತೊಟ್ಟಿಯ ನಲವತ್ತು ಚಿಪ್ಪುಗಳಲ್ಲೂ ಇದ್ದದ್ದು ಹೀಗೇ. ಅವಸರದ ಕೈ ಎಂದುಕೊಂಡಿದ್ದೆನಲ್ಲ, 'ಪತ್ತೇದಾರ' ಎಂದು ಬೋರ್ಡು ಹಾಕಿಕೊಂಡ ನಾನು! ಅದು ನಡುಗುವ ಕೈ.

“ಅತ್ತೆ...”

ಅವರು ತಲೆ ಎತ್ತಲಿಲ್ಲ. ಮಗಳ ತೋಳಿನ ಗರಿಯನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡರು.

“ಪರೀಕ್ಷೆಗೆ ಒಂದು ತಿಂಗಳು ಮುಂಚೆ, ಒಂದು ಸೋಮವಾರ ನೀರು ಬದಲಾಯಿಸುವಾಗ ನಾಲ್ಕನೇ ತೊಟ್ಟಿಯಲ್ಲಿ ಚುಕ್ಕೆ ಕಂಡೆ. ಬಣ್ಣ ಇಲ್ದಿದ್ರೇನು, ಬೆರಳಿಗೆ ಸಿಗುತ್ತೆ. ಯಾರ ಕೈ ಅಂತ ತಕ್ಷಣ ಗೊತ್ತಾಯ್ತು. ಎಷ್ಟು ಚೆಂದ ಇಟ್ಟಿದ್ದೆ ಕಂದ, ಒಂದೂ ಜಾರಿಲ್ಲ.” ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆಯಿತ್ತು. “ನಮ್ಮನೆ ಫ್ರಿಜ್ಜಿನ ಹಿಂದೆ ನೀನು ಬಾತುಕೋಳಿ ಹುಳುವಿನ ಮೊಟ್ಟೆ ಬಾಟಲಿ ಬಿಟ್ಟು ಹೋಗಿದ್ಯಲ್ಲ, ಕಪ್ಪು ಕಾಗದ ಸುತ್ತಿ. ತೆಗೆದು ನೋಡಿದೆ. ಯಾಕೆ ಮಾಡಿದೀಯ ಅಂತಲೂ ಗೊತ್ತಾಯ್ತು.”

“ಗೊತ್ತಾದ ಮೇಲೆ ಆ ಹುಳುಗಳನ್ನ ಎತ್ತಿ ಬಿಸಾಕಬಹುದಿತ್ತಲ್ಲ ಅತ್ತೆ?”

“ಅರವತ್ತು ಹುಳು ಒಂದೇ ಸಲ ಕಾಣೆಯಾದ್ರೆ ಕೇಳಲ್ವಾ? ಹಜಾರದ ತೊಟ್ಟಿ ಮಾತ್ರ ಸೋತ್ರೆ ಭಾನುವಾರ ಯಾರು ಬಂದಿದ್ರು ಅಂತಾರೆ. ಗೇಟಿನ ಪುಸ್ತಕದಲ್ಲಿ ಇವಳ ಸಹಿ ಇದೆ. ಇವಳ ಡಾಕ್ಟರ್ ಲೈಸೆನ್ಸು ಹೋಗುತ್ತೆ. ಈ ಕೋಣೆ ಬೀಗದ ಕೈ ನನ್ನ ಹತ್ರ ಮಾತ್ರ ಇರೋದು. ಇಲ್ಲೂ ಒಂದು ಹೋದ್ರೆ ಬೇರೆ ಯಾರನ್ನೂ ನೋಡಲ್ಲ, ಮುದುಕಿನೇ ಅಂತಾರೆ.” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅದಕ್ಕೇ ಇವಳ ಬಾಟಲಿದನ್ನೇ ಆರನೇದಕ್ಕೆ ನಾನು ಬಿಟ್ಟೆ. ಇಪ್ಪತ್ತು ದಿನ ಹಿಡೀತು, ಕೈ ನಿಲ್ಲಲ್ಲ ನೋಡಿ. ಒಂದೊಂದು ಹುಳು ಲೋಟಕ್ಕೆ ಇಳಿಸುವಾಗಲೂ ತಪ್ಪಾಯ್ತು ಅಂದೆ.”

ನನ್ನ ಹೆಂಡತಿ ನೆಲದ ಮೇಲೆ ಕೂತು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಅತ್ತೆಯ ಕೈ ಅವಳ ತಲೆಯ ಮೇಲೆ ಆಡಿತು. ಈಗ ಆ ಕೈ ನಡುಗುತ್ತಿರಲಿಲ್ಲ.

ಮೂವತ್ತೊಂದು ವರ್ಷ ಕಾಪಾಡಿದ್ದನ್ನು ತಮ್ಮ ಕೈಯಾರೆ ಕೆಡಿಸಿಕೊಂಡು, ಇದೂ ದಿನನಿತ್ಯದ ಒಂದು ಕೆಲಸವೆಂಬಂತೆ ಕೂತಿದ್ದರು. ನನಗೆ ಅಳು ಬಂತು. ಪತ್ತೇದಾರರು ಅಳಬಾರದು ಎಂದು ಎಲ್ಲೂ ಬರೆದಿಲ್ಲವಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಜವಾನ.

“ಸರ್, ಸಮಿತಿ ಕೂತಿದೆ. ನಿಮ್ಮನ್ನ ಕರೀತಿದಾರೆ. ನೀವೊಬ್ಬರೇ ಬರಬೇಕಂತೆ.”

ಎದ್ದೆ. ಹೆಂಡತಿ ನನ್ನ ತೋಳು ಹಿಡಿದಳು. “ನಾನು ಅಂತ ಹೇಳಿ. ಎರಡೂ ನಾನೇ ಅಂತ. ಅಮ್ಮನಿಗೆ ಆ ಮಾತು ತಟ್ಟಬಾರದು.”

“ಹುಚ್ಚು ಹುಡುಗಿ!” ಅತ್ತೆ ಇನ್ನೊಂದು ತೋಳು ಹಿಡಿದರು. ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. “ಅಳಿಯಂದ್ರೆ, ನಾನು ಇದುವರೆಗೂ ನಿಮ್ಮ ಹತ್ರ ಏನೂ ಕೇಳಿಲ್ಲ. ಎರಡೂ ಮುದುಕಿದೇ ಕೆಲಸ ಅಂತ ಹೇಳಿ. ನನಗೆ ಇನ್ನೆಷ್ಟು ದಿನ? ಅವಳ ಬದುಕು ದೊಡ್ಡದಿದೆ.”

ಇಬ್ಬರಿಗೂ ತಲೆಯಾಡಿಸಿದೆ. ಅದಕ್ಕಿಂತ ಕೆಟ್ಟ ಸುಳ್ಳನ್ನು ನಾನು ಹೇಳಿದ್ದಿಲ್ಲ.

ಓಣಿಯಲ್ಲಿ ಹಂಡೆ ಹಬೆಯಾಡುತ್ತಿತ್ತು. ಆಳುಗಳು ಬಕೆಟ್ಟುಗಳನ್ನು ಸಾಲಾಗಿ ಜೋಡಿಸಿದ್ದರು.

ಸಮಿತಿಯ ಕೋಣೆಯಲ್ಲಿ ಐದು ಜನ. ಸಂಶೋಧಕಿ ತನ್ನ ಕಾಗದಗಳನ್ನು ಆಗಲೇ ಒಪ್ಪಿಸಿ ಗೋಡೆಯ ಪಕ್ಕ ನಿಂತಿದ್ದಳು. ನಡುವೆ ನಿರ್ದೇಶಕರು. ಕೆಟ್ಟ ಮನುಷ್ಯನಲ್ಲ, ಕೆರೆಯ ಮಕ್ಕಳ ಚಿಂತೆ ಅವರಿಗೂ ಇದೆ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅದೇ ನನಗೆ ಕಷ್ಟವಾದದ್ದು. ಕೆಟ್ಟವನಾಗಿದ್ದರೆ ಸುಳ್ಳು ತಾನಾಗಿ ನಾಲಿಗೆಗೆ ಬರುತ್ತಿತ್ತು.

“ಈ ಹುಡುಗಿ ಬರೆದಿದ್ದು ಓದಿದ್ವಿ” ಎಂದರು ಅವರು. “ಹುಳು ಬದಲಾಗಿಲ್ಲ, ಒಪ್ತೀವಿ. ಯಾರೋ ಬೇಕೂಂತ ಮಾಡಿದಾರೆ, ಅದನ್ನೂ ಒಪ್ತೀವಿ. ಆದ್ರೆ ಯಾರು ಅಂತ ಗೊತ್ತಾಗದೆ ಈ ತಳಿನ ನಾನು ಕೆರೆಗೆ ಬಿಡಲ್ಲ. ಆ ಕೈ ಮಿಕ್ಕ ಹತ್ತು ತೊಟ್ಟಿಗೆ ಹೋಗಿಲ್ಲ ಅಂತ ಹೇಗೆ ನಂಬಲಿ? ಮಾಡಿದವರು ಎದುರಿಗೆ ಬಂದು ಎಲ್ಲೆಲ್ಲಿ ಕೈ ಹಾಕಿದ್ರು ಅಂತ ಹೇಳಿದ್ರೆ ಈಗಲೇ ಆ ಒಲೆ ಆರಿಸ್ತೀನಿ. ಇಲ್ಲ ಅಂದ್ರೆ ಹನ್ನೆರಡಕ್ಕೂ ನೀರು ಸುರಿಯೋದೇ.”

ಒಬ್ಬರ ಮೇಲೆ ಎರಡೂ ಹೊರಿಸಿದರೆ ಆ ಒಬ್ಬರಿಗೆ ಅರ್ಧ ಕೆಲಸದ ವಿವರವೇ ಗೊತ್ತಿಲ್ಲ. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸುಮ್ಮನಿದ್ದರೆ ಹುಳುಗಳು ಬೇಯುತ್ತವೆ, ಕೆರೆಯ ಮಕ್ಕಳು ಹಾಗೇ ಉಳಿಯುತ್ತಾರೆ, ಅತ್ತೆ ಬದುಕಿದ್ದಷ್ಟು ದಿನ ಆ ಹಬೆಯನ್ನೇ ನೋಡುತ್ತಾರೆ. ನಿಜ ಹೇಳಿದರೆ ನನ್ನ ಮನೆಯ ಇಬ್ಬರೂ ಹೆಂಗಸರು ಒಂದೇ ದಿನ ಹೋಗುತ್ತಾರೆ.

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮಗೆ ಗೊತ್ತಾಗಿದೆ. ಮುಖದ ಮೇಲೇ ಬರೆದಿದೆ. ಹೇಳಿ, ಯಾರು?”

“ಇಬ್ಬರು” ಎಂದೆ.